ಬಾಣಂತಿಯ ರಕ್ತಸ್ರಾವ: ಕಣ್ಣಳತೆ ಸಾಲದು

ಹೆರಿಗೆ ಕೋಣೆಯ ಬಾಗಿಲು ತೆರೆದ ಕೂಡಲೆ ಹೊರಗೆ ಕಾಯುತ್ತಿರುವ ಮನೆಮಂದಿ ಕೇಳುವ ಪ್ರಶ್ನೆಗಳೆಲ್ಲ ಕೂಸಿನ ಕುರಿತಾದವು. ಗಂಡೋ ಹೆಣ್ಣೋ, ತೂಕ ಎಷ್ಟಿದೆ, ಅತ್ತಿತೇ, ಯಾರ ಹೋಲಿಕೆ? ತಾಯಿಯ ವಿಚಾರ ಬರುವುದು ಆಮೇಲೆ. "ಆಕಿ ಆರಾಮ ಅದಾಳ" ಎಂಬ ಒಂದು ಮಾತು ಕಿವಿಗೆ ಬಿದ್ದರೆ ಎಲ್ಲರಿಗೂ ಸಮಾಧಾನ. ಆದರೆ ಕೂಸು ಹೊರಬಂದ ನಂತರದ ಮೊದಲ ಒಂದೆರಡು ಗಂಟೆಗಳಷ್ಟು ಎಚ್ಚರ ಬೇಡುವ ಹೊತ್ತು ತಾಯಿಗೆ ಇಡೀ ಒಂಬತ್ತು ತಿಂಗಳಲ್ಲಿ ಇನ್ನೊಂದಿಲ್ಲ. ಜಗತ್ತಿನಲ್ಲಿ ಹೆರಿಗೆಯ ಸಂಬಂಧ ಸಾಯುವ ತಾಯಂದಿರ ಸಾವಿನ ಕಾರಣಗಳಲ್ಲಿ ಮೊದಲನೆಯದು ಹೆರಿಗೆಯ ನಂತರದ ಅತಿ ರಕ್ತಸ್ರಾವ.

ಕರ್ನಾಟಕದಲ್ಲಿ 2001–03ರ ಅವಧಿಯಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2019–21ರ ಲೆಕ್ಕದಲ್ಲಿ ಈ ಸಂಖ್ಯೆ 63ಕ್ಕೆ ಇಳಿದಿದೆ. ಇದು ಸಣ್ಣ ಸಾಧನೆಯಲ್ಲ. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ನೂರು ಹೆರಿಗೆಗಳಲ್ಲಿ 65ರಷ್ಟು ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು; 2019–21ರ ಸಮೀಕ್ಷೆಯಲ್ಲಿ 97 ಆಗಿವೆ. ಆದರೂ 2018–20ರಲ್ಲಿ ಕೇರಳದ ಸಂಖ್ಯೆ 19 ಇದ್ದಾಗ ನಮ್ಮದು 69 ಇತ್ತು. ಮನೆಯಲ್ಲಿ ಹಡೆಯಬೇಡಿ, ಆಸ್ಪತ್ರೆಗೆ ಬನ್ನಿ ಎಂದು ಹೇಳುವ ಕಾಲ ಬಹುಮಟ್ಟಿಗೆ ಮುಗಿಯಿತು, ಜನ ಬಂದಿದ್ದಾರೆ. ಬಂದವರನ್ನು ಹೆರಿಗೆಯ ನಂತರದ ಆ ಒಂದೆರಡು ಗಂಟೆ ಹೇಗೆ ನೋಡಿಕೊಳ್ಳುತ್ತೇವೆ ಎಂಬುದು ಈಗಿನ ಪ್ರಶ್ನೆ. ಈ ವಿಷಯದಲ್ಲಿ ಕಳೆದ ಇಪ್ಪತ್ತು ವರ್ಷಗಳಲ್ಲಿ ನಡೆದ ಸಂಶೋಧನೆಗಳ ಒಂದು ದೊಡ್ಡ ಎಳೆ ನಮ್ಮ ನೆರೆಯ ಬೆಳಗಾವಿ ಜಿಲ್ಲೆಯಿಂದಲೇ ಹೊರಟಿದೆ ಎಂಬುದು ನಮ್ಮ ಭಾಗದ ಅನೇಕರಿಗೆ ಗೊತ್ತಿಲ್ಲ.

ರಕ್ತ ತಾನಾಗಿ ನಿಲ್ಲುವುದು ಹೇಗೆ?

ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹರಿಯುತ್ತದೆ. ಕೂಸು ಹುಟ್ಟಿ, ಕಸ (ಮಾಸು) ಕಳಚಿ ಬಿದ್ದಾಗ ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳೆಲ್ಲ ಬಾಯಿ ತೆರೆದುಕೊಂಡು ಉಳಿಯುತ್ತವೆ. ಹಾಗಿದ್ದೂ ಹೆಚ್ಚಿನ ತಾಯಂದಿರಿಗೆ ಏನೂ ಆಗುವುದಿಲ್ಲವಲ್ಲ, ಏಕೆ? ಗರ್ಭಕೋಶದ ಗೋಡೆಯ ಸ್ನಾಯುವಿನ ಎಳೆಗಳು ಹಾಸು ಹೊಕ್ಕಿನ ಹಾಗೆ ಒಂದರ ಮೇಲೊಂದು ಅಡ್ಡಡ್ಡ ಹಾದುಹೋಗಿವೆ. ರಕ್ತನಾಳಗಳು ಈ ಎಳೆಗಳ ಸಂದಿನಿಂದಲೇ ಹೊರಬರಬೇಕು. ಹೆರಿಗೆಯಾದ ಕೂಡಲೆ ಗರ್ಭಕೋಶ ಬಿಗಿಯಾಗಿ ಕುಗ್ಗುತ್ತದೆ, ಎಳೆಗಳು ಬಿಗಿದುಕೊಳ್ಳುತ್ತವೆ, ಸಂದಿನ ನಾಳಗಳ ಬಾಯಿ ಮುಚ್ಚುತ್ತದೆ. ನೇಕಾರರ ಊರಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಹೊಕ್ಕುಳ ಮಟ್ಟದಲ್ಲಿ ಕೈಯಿಟ್ಟು ನೋಡಿದರೆ ಆಗ ಗರ್ಭಕೋಶ ತೆಂಗಿನಕಾಯಿಯಂತೆ ಗಟ್ಟಿಯಾಗಿ ಸಿಗುತ್ತದೆ.

ಗರ್ಭಕೋಶ ಹೀಗೆ ಬಿಗಿಯದೆ ಮೆತ್ತಗೆ ಉಳಿದರೆ ರಕ್ತ ನಿಲ್ಲುವುದಿಲ್ಲ. ಅತಿ ರಕ್ತಸ್ರಾವದ ಹೆಚ್ಚಿನ ಪ್ರಕರಣಗಳಿಗೆ ಕಾರಣ ಇದೇ. ಬಹಳ ಹೊತ್ತಿನ ಹೆರಿಗೆ ನೋವು, ಅವಳಿ ಮಕ್ಕಳು, ತುಂಬಿದ ಮೂತ್ರಕೋಶ, ಒಳಗೆ ಉಳಿದ ಕಸದ ಚೂರು ಇವೆಲ್ಲ ಗರ್ಭಕೋಶ ಬಿಗಿಯಲು ಅಡ್ಡಿ. ಕೆಲವರಲ್ಲಿ ಹೆರಿಗೆಯ ದಾರಿಯಲ್ಲಾದ ಹರಿತದಿಂದ ರಕ್ತ ಹೋಗುತ್ತದೆ. ಆದರೆ ಯಾವ ಕಾರಣವೂ ಮೊದಲೇ ಕಾಣದ, ಎಲ್ಲ ತಪಾಸಣೆಯಲ್ಲೂ ಚೆನ್ನಾಗಿದ್ದ ಹೆಣ್ಣುಮಗಳಿಗೂ ಇದು ಆಗಬಹುದು. ಆದ್ದರಿಂದ ಪ್ರತಿ ಹೆರಿಗೆಯಲ್ಲೂ ಸಿದ್ಧತೆ ಇರಬೇಕು.

ಕಣ್ಣು ಹೇಳುವ ಸುಳ್ಳು

ಹೆರಿಗೆಯಲ್ಲಿ ಸ್ವಲ್ಪ ರಕ್ತ ಎಲ್ಲರಿಗೂ ಹೋಗುತ್ತದೆ. ಎಷ್ಟು ಹೋದರೆ ಅತಿ? ಸಹಜ ಹೆರಿಗೆಯಲ್ಲಿ 500 ಮಿಲಿಲೀಟರ್, ಅಂದರೆ ಅರ್ಧ ಲೀಟರಿನ ಒಂದು ಹಾಲಿನ ಪಾಕೀಟಿನಷ್ಟು, ಎಂಬುದು ಬಹುಕಾಲದಿಂದ ಬಂದ ಲೆಕ್ಕ. ಪುಸ್ತಕದಲ್ಲಿ ಸುಲಭ. ಹೆರಿಗೆ ಕೋಣೆಯಲ್ಲಿ ರಕ್ತ ಪಾಕೀಟಿನಲ್ಲಿ ಬರುವುದಿಲ್ಲ. ಸ್ವಲ್ಪ ಬಟ್ಟೆಗೆ, ಸ್ವಲ್ಪ ಹತ್ತಿಗೆ, ಸ್ವಲ್ಪ ಟೇಬಲ್ಲಿನ ಮೇಲೆ, ಸ್ವಲ್ಪ ಕೆಳಗಿನ ಬಕೆಟ್ಟಿಗೆ. ಅದರಲ್ಲಿ ಗರ್ಭಜಲವೂ ಬೆರೆತಿರುತ್ತದೆ. ಇದನ್ನು ನೋಡಿ ನರ್ಸೋ ಡಾಕ್ಟರೋ "ಸುಮಾರು ಇಷ್ಟು" ಎಂದು ಅಂದಾಜು ಬರೆಯುತ್ತಾರೆ. ಬಹುಕಾಲದಿಂದ ನಡೆದುಬಂದ ಪದ್ಧತಿ ಇದು.

ಈ ಅಂದಾಜು ಎಷ್ಟು ಸರಿ ಎಂಬುದನ್ನು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಪರೀಕ್ಷಿಸಿದರು. ಅದಕ್ಕಾಗಿ ಒಂದು ಸರಳ ಸಾಧನ ಮಾಡಿಕೊಂಡರು. ಅದೊಂದು ಪ್ಲಾಸ್ಟಿಕ್ ಹಾಸು. ಕೂಸು ಹೊರಬಂದು ಗರ್ಭಜಲ ಹರಿದುಹೋದ ಮೇಲೆ ಅದನ್ನು ಬಾಣಂತಿಯ ಸೊಂಟದ ಕೆಳಗೆ ಹಾಸಿ ಕಟ್ಟುತ್ತಾರೆ. ಹಾಸಿನ ಕೆಳತುದಿ ಲಾಳಿಕೆಯಂತೆ ಕಿರಿದಾಗುತ್ತ ಚೀಲವಾಗುತ್ತದೆ. ಹೋದ ರಕ್ತವೆಲ್ಲ ಆ ಚೀಲಕ್ಕೆ ಇಳಿಯುತ್ತದೆ. ಚೀಲದ ಮೇಲೆ ಔಷಧದ ಬಾಟಲಿಯ ಮೇಲಿರುವಂತೆ ಮಿಲಿಲೀಟರ್ ಗೆರೆಗಳು. ಅಷ್ಟೇ, ಕರೆಂಟು ಬೇಡ, ಯಂತ್ರ ಬೇಡ. ಇದಕ್ಕೆ ಅವರು 'ಬ್ರಾಸ್-ವಿ' ಎಂದು ಹೆಸರಿಟ್ಟರು. ರೂಪಿಸಿದ ಏಳು ಜನರ ಹೆಸರುಗಳ ಮೊದಲ ಅಕ್ಷರಗಳನ್ನು ಜೋಡಿಸಿದ ಹೆಸರು ಅದು.

2006ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 123 ತಾಯಂದಿರಿದ್ದರು. ಕೆಲವರ ರಕ್ತವನ್ನು ಹಳೆಯ ಪದ್ಧತಿಯಂತೆ ಕಣ್ಣಳತೆಯಿಂದ ಅಂದಾಜು ಮಾಡಲಾಯಿತು, ಉಳಿದವರದನ್ನು ಈ ಚೀಲದಲ್ಲಿ ಅಳೆಯಲಾಯಿತು. ಕಣ್ಣಳತೆಯ ಸರಾಸರಿ 203 ಮಿಲಿಲೀಟರ್ ಬಂದರೆ, ಚೀಲದ ಸರಾಸರಿ 303 ಬಂತು! ಅಂದರೆ ಕಣ್ಣು ಮೂರರಲ್ಲಿ ಒಂದು ಪಾಲನ್ನು ಕಾಣುವುದೇ ಇಲ್ಲ. ಅದೂ ದೊಡ್ಡ ಆಸ್ಪತ್ರೆಯಲ್ಲಿ, ಅನುಭವಸ್ಥರ ಕಣ್ಣು. ನೂಲನ್ನು ತೂಗದೆ ಯಾವ ನೇಕಾರನೂ ಕೊಳ್ಳುವುದಿಲ್ಲ, ಹಾಲನ್ನು ಅಳೆಯದೆ ಯಾವ ಗೃಹಿಣಿಯೂ ಹಾಕಿಸಿಕೊಳ್ಳುವುದಿಲ್ಲ. ತಾಯಿಯ ಮೈಯಿಂದ ಹೋಗುವ ರಕ್ತ ಮಾತ್ರ ಇಷ್ಟು ಕಾಲ ಅಂದಾಜಿನ ಲೆಕ್ಕದಲ್ಲೇ ನಡೆದುಬಂತು ಎಂಬುದು ನನಗೆ ಈಗಲೂ ಸೋಜಿಗವೆನಿಸುತ್ತದೆ.

ಬೆಳಗಾವಿಯ ಹಳ್ಳಿಗಳಲ್ಲಿ ಒಂದು ಮಾತ್ರೆ

ಇದೇ ತಂಡ ಇನ್ನೂ ದೊಡ್ಡ ಕೆಲಸವೊಂದನ್ನು ಆಗಲೇ ಕೈಗೆತ್ತಿಕೊಂಡಿತ್ತು. ಗರ್ಭಕೋಶವನ್ನು ಬಿಗಿಗೊಳಿಸುವ ಔಷಧಗಳಲ್ಲಿ ಮುಖ್ಯವಾದದ್ದು ಆಕ್ಸಿಟೋಸಿನ್ ಇಂಜೆಕ್ಷನ್. ಆದರೆ ಅದನ್ನು ತಂಪಿನಲ್ಲಿಡಬೇಕು, ಸೂಜಿ ಚುಚ್ಚಲು ಬಲ್ಲವರು ಬೇಕು. 2002ರ ಸುಮಾರಿಗೆ ಹಳ್ಳಿಗಳ ಉಪಕೇಂದ್ರಗಳಲ್ಲಿ, ಮನೆಗಳಲ್ಲಿ ಆಗುತ್ತಿದ್ದ ಹೆರಿಗೆಗಳಿಗೆ ಎರಡೂ ಇರಲಿಲ್ಲ. ಅಲ್ಲಿ ಹೆರಿಗೆ ಮಾಡಿಸುತ್ತಿದ್ದವರು ನಾವು 'ಸಿಸ್ಟರ್' ಎಂದು ಕರೆಯುವ ಎಎನ್‌ಎಂ ಕಾರ್ಯಕರ್ತೆಯರು. ಅವರ ಕೈಗೆ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಕೊಟ್ಟು ನೋಡೋಣವೆಂದು ಡಾ. ಬಿ.ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮತ್ತು ಅವರ ಸಂಗಡಿಗರು, ಅಮೆರಿಕದ ಡಾ. ರಿಚರ್ಡ್ ಡರ್ಮನ್ ಅವರೊಂದಿಗೆ ಸೇರಿ ಹೊರಟರು. 1620 ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ ಕೂಸು ಹುಟ್ಟಿದ ಕೂಡಲೆ ಈ ಮಾತ್ರೆ, ಉಳಿದವರಿಗೆ ಅದರಂತೆಯೇ ಕಾಣುವ ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದೆಂದು ಕೊಟ್ಟವರಿಗೂ ತಿಳಿಯದು. ಎಲ್ಲರ ರಕ್ತವನ್ನೂ ಚೀಲದಲ್ಲಿ ಅಳೆಯಲಾಯಿತು.

2006ರ ಅಕ್ಟೋಬರಿನಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಇದರ ಫಲಿತಾಂಶ ಪ್ರಕಟಿಸಿತು. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು. ಒಂದು ಲೀಟರಿನಷ್ಟು ರಕ್ತ ಹೋಗುವ ತೀವ್ರ ಪ್ರಕರಣಗಳು 1.2ರಿಂದ 0.2ಕ್ಕೆ ಇಳಿದಿದ್ದವು. ಹದಿನೆಂಟು ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳ ಅತಿ ರಕ್ತಸ್ರಾವ ತಪ್ಪುತ್ತದೆ ಎಂಬುದು ಅದರ ಲೆಕ್ಕ. ಕೆಲವರಿಗೆ ಚಳಿ ನಡುಕ, ಜ್ವರ ಬಂದು ತಾನಾಗಿ ಇಳಿಯಿತು. ಅರ್ಧದಷ್ಟು ತಾಯಂದಿರಿಗೆ ಬರಿಯ ಗುಳಿಗೆ ಕೊಟ್ಟದ್ದು ಸರಿಯೇ ಎಂದು ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅಂದು ಆ ಹಳ್ಳಿಗಳ ತಾಯಂದಿರಿಗೆ ಸಿಗುತ್ತಿದ್ದದ್ದು ಯಾವ ಔಷಧವೂ ಇಲ್ಲದ ಹೆರಿಗೆ. ಮಾತ್ರೆ ಕೆಲಸ ಮಾಡುತ್ತದೆಂದು ತೋರಿಸದೆ ಸರಕಾರಗಳು ಅದನ್ನು ಹಳ್ಳಿಗೆ ಕಳಿಸುವಂತಿರಲಿಲ್ಲ. ಇದೇ ಪ್ರಯೋಗವನ್ನು ಇಂದು ಯಾರಾದರೂ ಮಾಡಹೊರಟರೆ ನಾನಂತೂ ಒಪ್ಪುವುದಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕೆ ಮಿಸೊಪ್ರೊಸ್ಟಾಲನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಒಂದು ಎಚ್ಚರಿಕೆ. ಇದು ಮನೆಯಲ್ಲಿ ತಂದಿಟ್ಟುಕೊಂಡು ನುಂಗುವ ಮಾತ್ರೆಯಲ್ಲ. ಕೂಸು ಇನ್ನೂ ಹೊಟ್ಟೆಯಲ್ಲಿರುವಾಗ, ಅಥವಾ ಅವಳಿಯಲ್ಲಿ ಒಂದು ಹುಟ್ಟಿ ಇನ್ನೊಂದು ಒಳಗಿರುವಾಗ ಈ ಪ್ರಮಾಣದಲ್ಲಿ ಕೊಟ್ಟರೆ ಗರ್ಭಕೋಶವೇ ಹರಿದುಹೋಗಬಹುದು.

ಆಕ್ಸಿಟೋಸಿನ್‌ನ ತಂಪಿನ ಮಾತು ನಮ್ಮ ಭಾಗಕ್ಕೆ ಬಹಳ ಮುಖ್ಯ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ, ಕರೆಂಟು ಹೋಗಿ ಬರುವ ಊರಿನಲ್ಲಿ ಅಲಮಾರಿನಲ್ಲಿಟ್ಟ ಆಕ್ಸಿಟೋಸಿನ್ ನೋಡಲು ಔಷಧದಂತೆಯೇ ಇರುತ್ತದೆ, ಅದರ ಬಲ ಮಾತ್ರ ಕುಂದಿರುತ್ತದೆ. ಇದಕ್ಕೆ ಪರಿಹಾರವಾಗಿ ಬಿಸಿ ತಾಳುವ ಕಾರ್ಬೆಟೋಸಿನ್ ಎಂಬ ಇಂಜೆಕ್ಷನ್ ಬಂದಿದೆ. ಭಾರತವೂ ಸೇರಿ ಹತ್ತು ದೇಶಗಳ ಸುಮಾರು 30 ಸಾವಿರ ತಾಯಂದಿರಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅರ್ಧ ಲೀಟರಿಗೆ ಮೀರಿದ ರಕ್ತಸ್ರಾವವನ್ನು ತಡೆಯುವುದರಲ್ಲಿ ಅದು ಆಕ್ಸಿಟೋಸಿನ್‌ಗೆ ಕಡಿಮೆಯಿಲ್ಲವೆಂದು ಕಂಡಿತು. ಇನ್ನೊಂದು ಸಂಗತಿ. ಎಮ್ಮೆಗಳಿಗೆ ಹಾಲು ಇಳಿಸಲು ಚುಚ್ಚುತ್ತಾರೆಂದು ಕೆಲವರು ಕೇಳಿರುವ ಇಂಜೆಕ್ಷನ್ ಇದೇ ಆಕ್ಸಿಟೋಸಿನ್. ಆ ದುರುಪಯೋಗ ತಡೆಯಲೆಂದು ಕೇಂದ್ರ ಸರಕಾರ 2018ರಲ್ಲಿ ಖಾಸಗಿ ಕಂಪನಿಗಳು ಇದನ್ನು ತಯಾರಿಸುವುದನ್ನೇ ನಿಷೇಧಿಸಿ, ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಒಂದಕ್ಕೇ ವಹಿಸಲು ಹೊರಟಿತ್ತು. ಬಾಣಂತಿಯರಿಗೆ ಔಷಧದ ಕೊರತೆಯಾದೀತೆಂಬ ಕೂಗೆದ್ದು, ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಎಮ್ಮೆಯ ಸಲುವಾಗಿ ತಾಯಿಯ ಔಷಧಕ್ಕೆ ಕುತ್ತು ಬರುವುದಿತ್ತು.

ಅಳೆದ ಮೇಲೆ ಏನು?

ಬರೀ ಅಳೆದರೆ ರಕ್ತ ನಿಲ್ಲುವುದಿಲ್ಲ. ಯುರೋಪಿನ ಹದಿಮೂರು ದೇಶಗಳಲ್ಲಿ ಚೀಲ ಕೊಟ್ಟು ನೋಡಿದಾಗ ತೀವ್ರ ರಕ್ತಸ್ರಾವ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಅಳತೆಯ ಹಿಂದೆಯೇ ಚಿಕಿತ್ಸೆ ಇರಬೇಕು, ಅದೂ ಒಂದಾದ ಮೇಲೊಂದಲ್ಲ, ಒಟ್ಟಿಗೇ. ಮೊದಲು ಹೊಟ್ಟೆ ಉಜ್ಜಿ ನೋಡುವುದು, ನಿಲ್ಲದಿದ್ದರೆ ಒಂದು ಇಂಜೆಕ್ಷನ್, ಆಮೇಲೆ ಡಾಕ್ಟರಿಗೆ ಫೋನು, ಅವರು ಬಂದ ಮೇಲೆ ಇನ್ನೊಂದು ಔಷಧ: ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವಷ್ಟರಲ್ಲಿ ಒಂದು ಲೀಟರು ರಕ್ತ ಹೋಗಿರುತ್ತದೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕ ಮತ್ತು ತಾಂಜಾನಿಯಾದ ಸುಮಾರು 80 ಆಸ್ಪತ್ರೆಗಳಲ್ಲಿ ಇದರ ದೊಡ್ಡ ಪರೀಕ್ಷೆ ನಡೆದು 2023ರಲ್ಲಿ ಪ್ರಕಟವಾಯಿತು. ಸಹಜ ಹೆರಿಗೆಯಾದ ಎರಡು ಲಕ್ಷಕ್ಕೂ ಹೆಚ್ಚು ತಾಯಂದಿರ ಲೆಕ್ಕ ಅದು. ಅರ್ಧದಷ್ಟು ಆಸ್ಪತ್ರೆಗಳು ಹಳೆಯ ರೀತಿಯಲ್ಲೇ ನಡೆದವು. ಉಳಿದವಕ್ಕೆ ಗೆರೆ ಹಾಕಿದ ಚೀಲ ಕೊಟ್ಟು, ರಕ್ತ ಗೆರೆ ಮುಟ್ಟಿದ ಕೂಡಲೆ ಐದು ಕೆಲಸಗಳನ್ನು ಒಟ್ಟಿಗೆ ಮಾಡಲು ಕಲಿಸಲಾಯಿತು: ಹೊಟ್ಟೆಯ ಮೇಲಿನಿಂದ ಗರ್ಭಕೋಶವನ್ನು ಉಜ್ಜುವುದು, ಗರ್ಭಕೋಶ ಬಿಗಿಸುವ ಔಷಧ, ಟ್ರಾನೆಕ್ಸಾಮಿಕ್ ಆ್ಯಸಿಡ್, ರಕ್ತನಾಳಕ್ಕೆ ಸಲೈನ್, ಹರಿತವೋ ಕಸದ ಚೂರೋ ಇದೆಯೇ ಎಂಬ ಪರೀಕ್ಷೆ. ಇದನ್ನೆಲ್ಲ ಆರಂಭಿಸಿದವರು ಹೆಚ್ಚಾಗಿ ಅಲ್ಲಿನ ಸೂಲಗಿತ್ತಿ ನರ್ಸುಗಳು, ಡಾಕ್ಟರಿಗಾಗಿ ಕಾಯುವಂತಿರಲಿಲ್ಲ. ಹಳೆಯ ರೀತಿಯ ಆಸ್ಪತ್ರೆಗಳಲ್ಲಿ ಅತಿ ರಕ್ತಸ್ರಾವದ ನೂರರಲ್ಲಿ 51 ಪ್ರಕರಣ ಮಾತ್ರ ಗುರುತಿಗೆ ಬಂದರೆ, ಹೊಸ ರೀತಿಯಲ್ಲಿ 93 ಬಂದವು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ, ಅದರಿಂದಾದ ಸಾವು ಮೂರನ್ನೂ ಕೂಡಿಸಿದ ಲೆಕ್ಕ 4.3ರಿಂದ 1.6ಕ್ಕೆ ಇಳಿಯಿತು. ಇಳಿಕೆಯ ಬಹುಪಾಲು ತೀವ್ರ ರಕ್ತಸ್ರಾವದ್ದೇ.

ಟ್ರಾನೆಕ್ಸಾಮಿಕ್ ಆ್ಯಸಿಡ್ ಹೊಸ ಔಷಧವಲ್ಲ. 1962ರಲ್ಲಿ ಜಪಾನಿನ ಉಟಾಕೊ ಒಕಾಮೊಟೊ ಎಂಬ ವೈದ್ಯೆ ತಮ್ಮ ಪತಿಯೊಂದಿಗೆ ಕಂಡುಹಿಡಿದದ್ದು. ಹೆಪ್ಪುಗಟ್ಟಿದ ರಕ್ತ ಕರಗದಂತೆ ಅದು ತಡೆಯುತ್ತದೆ. ಬಾಣಂತಿಯರ ಜೀವ ಉಳಿಸಲು ಇದು ನೆರವಾದೀತೆಂಬುದು ಆಕೆಯ ಬಹುಕಾಲದ ನಂಬಿಕೆಯಾಗಿತ್ತು. 21 ದೇಶಗಳ 20,060 ತಾಯಂದಿರ ಪರೀಕ್ಷೆ ಅದನ್ನು ನಿಜವೆಂದು ತೋರಿಸಿದ್ದು 2017ರಲ್ಲಿ. ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟವರಲ್ಲಿ ರಕ್ತಸ್ರಾವದ ಸಾವು ನೂರಕ್ಕೆ 1.7ರಿಂದ 1.2ಕ್ಕೆ ಇಳಿದಿತ್ತು, ತಡವಾದರೆ ಪ್ರಯೋಜನವಿಲ್ಲ. ಆ ತಾಯಿ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು.

2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 500 ಮಿಲಿಲೀಟರಿಗೆ ಕಾಯಬೇಡಿ. 300 ಮಿಲಿಲೀಟರ್ ಹೋಗಿದ್ದು ನಾಡಿ ಅಥವಾ ರಕ್ತದೊತ್ತಡದಲ್ಲಿ ಏರುಪೇರು ಕಂಡರೆ ಆಗಲೇ ಚಿಕಿತ್ಸೆ ಆರಂಭಿಸಿ ಎಂದು ಹೊಸ ಮಾರ್ಗಸೂಚಿ ಹೇಳುತ್ತದೆ. 300 ಮಿಲಿಲೀಟರ್ ಎಂದರೆ ಒಂದೂವರೆ ಲೋಟ. ಅಂದಾಜಿನ ಕಣ್ಣಿಗೆ ಅದು ಒಂದೇ ಲೋಟದಂತೆ ಕಾಣುತ್ತದೆ ಎಂಬುದನ್ನು ಬೆಳಗಾವಿಯ ಲೆಕ್ಕ ಆಗಲೇ ತೋರಿಸಿತ್ತು.

ನಮ್ಮ ಮನೆಗಳಲ್ಲಿ

ನಾನು ಸಾಮಾನ್ಯ ವೈದ್ಯ, ಹೆರಿಗೆ ತಜ್ಞನಲ್ಲ. ಆದರೆ ರಬಕವಿ–ಬನಹಟ್ಟಿಯಂಥ ಊರಿನಲ್ಲಿ ಬಸುರಿ, ಬಾಣಂತಿ ಎಲ್ಲರೂ ಜ್ವರ, ಸುಸ್ತು, ತಲೆಸುತ್ತು ಎಂದು ಮೊದಲು ನಮ್ಮಂಥವರ ಬಳಿಗೇ ಬರುತ್ತಾರೆ. ಜೊತೆಗೆ ಬಂದ ಹಿರಿಯರು ಹೇಳುವ ಮಾತೊಂದುಂಟು: "ಹೊಲಸ ರಕ್ತ ಹೋಗ್ಲಿ ಬಿಡ್ರಿ ಡಾಕ್ಟರ್ರ, ಹೊಟ್ಟಿ ತೊಳದಂಗ ಆಗ್ತೈತಿ." ಒಂಬತ್ತು ತಿಂಗಳು ನಿಂತ ಮುಟ್ಟಿನ ರಕ್ತವೆಲ್ಲ ಈಗ ಹೋಗುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಹಾಗೇನೂ ಇಲ್ಲ. ಒಳಗೆ ಕೂಡಿಟ್ಟ ಕೆಟ್ಟ ರಕ್ತ ಎಂಬುದೇ ಇಲ್ಲ. ಹೆರಿಗೆಯಾದಾಗ ಹೋಗುವುದು ಅವಳ ಹೃದಯದಿಂದ ಬರುತ್ತಿರುವ ಒಳ್ಳೆಯ ರಕ್ತ.

ಅದೂ ಮೊದಲೇ ಕಡಿಮೆ ಇರುತ್ತದೆ. 2019–21ರ ಸಮೀಕ್ಷೆಯಂತೆ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ 45.7 ಜನರಿಗೆ ರಕ್ತಹೀನತೆ ಇದೆ. ಬೆಳಗಿನಿಂದ ಸಂಜೆವರೆಗೆ ಕಂಡಿಕೆ ಸುತ್ತುತ್ತ ಕೂತು, ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ಹೆಣ್ಣುಮಗಳಿಗೆ ಅರ್ಧ ಲೀಟರಿನ ನಷ್ಟ, ಗಟ್ಟಿಮುಟ್ಟಾದವಳಿಗೆ ಒಂದು ಲೀಟರಿನ ನಷ್ಟದಷ್ಟೇ ಭಾರವಾದೀತು. ಅವಳ ಪಾಲಿಗೆ ಟ್ರಾನೆಕ್ಸಾಮಿಕ್ ಆ್ಯಸಿಡನ್ನು ಮುಂಚಿತವಾಗಿಯೇ ಕೊಟ್ಟರೆ ರಕ್ತಸ್ರಾವ ತಪ್ಪೀತೇ ಎಂದು ಪಾಕಿಸ್ತಾನ, ನೈಜೀರಿಯಾ, ತಾಂಜಾನಿಯಾ, ಜಾಂಬಿಯಾಗಳ 15 ಸಾವಿರ ರಕ್ತಹೀನ ತಾಯಂದಿರಲ್ಲಿ ಪರೀಕ್ಷಿಸಿದರು. ತಪ್ಪಲಿಲ್ಲ ಎಂದು 2023ರಲ್ಲಿ ವರದಿಯಾಯಿತು. ಹೀಗಾಗಿ ಬಸಿರಿನಲ್ಲಿ 180 ದಿನ ನುಂಗಬೇಕಾದ ಕಬ್ಬಿಣಾಂಶದ ಮಾತ್ರೆಗೆ ಬದಲಿ ಹಾದಿ ಸಿಕ್ಕಿಲ್ಲ. ಮಾತ್ರೆ ನುಂಗಿ ಅದರ ಮೇಲೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಮಾತ್ರೆಯಿಂದ ಹಿಮೋಗ್ಲೋಬಿನ್ ಏರದಿದ್ದರೆ, ಅಥವಾ ದಿನ ಹತ್ತಿರ ಬಂದಿದ್ದರೆ, ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡುವ ಇಂಜೆಕ್ಷನ್ ಇದೆ, ಡಾಕ್ಟರನ್ನು ಕೇಳಬೇಕು.

ರಕ್ತ ಕೊಡುವ ಮಾತು ಬಂದಾಗ ನಮ್ಮ ಗಂಡಸರು ಹಿಂದೆ ಸರಿಯುವುದನ್ನು ಕಂಡಿದ್ದೇನೆ. "ದುಡಿಯೋ ಮನಶಾ ರಕ್ತ ಕೊಟ್ರ ಮಗ್ಗದ ಮುಂದ ನಿಂದ್ರೂದು ಹ್ಯಾಂಗ್ರಿ?" ಎಂದು ಮನೆಯ ಹಿರಿಯರೇ ಅಡ್ಡ ಬರುತ್ತಾರೆ. ಆರೋಗ್ಯವಂತನಾದ, 45 ಕೆ.ಜಿ.ಗೆ ಕಡಿಮೆಯಿಲ್ಲದ, 18 ದಾಟಿದ ಗಂಡಸಿನಿಂದ ಒಮ್ಮೆಗೆ ತೆಗೆಯುವುದು ಸಾಮಾನ್ಯವಾಗಿ 350 ಮಿಲಿಲೀಟರ್. ಹೆಂಡತಿಗೆ ಅರ್ಧ ಲೀಟರು ಹೋದರೆ "ಹೊಟ್ಟಿ ತೊಳದಂಗ," ಗಂಡನಿಂದ ಅದಕ್ಕಿಂತ ಕಡಿಮೆ ತೆಗೆದರೆ ಮಗ್ಗ ನಿಲ್ಲುತ್ತದೆ! ಈ ಲೆಕ್ಕ ನನಗಂತೂ ಬಗೆಹರಿದಿಲ್ಲ.

ಏಳನೆಯ ತಿಂಗಳು ದಾಟಿದ ಮೇಲೆ ಮನೆಯವರು ಒಂದು ಸಂಜೆ ಕೂತು ಕೆಲವು ಸಂಗತಿ ಗೊತ್ತುಮಾಡಿಕೊಳ್ಳಬೇಕು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮ ರೂಢಿಯಾದ್ದರಿಂದ, ಗಂಡನ ಊರಿನಲ್ಲಿ ಮಾಡಿಸಿದ ತಾಯಿ ಕಾರ್ಡ್, ರಕ್ತದ ಗುಂಪಿನ ಚೀಟಿ ಅವಳ ಸಂಗಡವೇ ಬರಬೇಕು. ಹೆರಿಗೆ ಮಾಡಿಸುವ ಆಸ್ಪತ್ರೆಯಲ್ಲಿ ರಕ್ತ ಸಿಗುತ್ತದೆಯೇ, ಇಲ್ಲದಿದ್ದರೆ ಜಮಖಂಡಿಯಿಂದಲೋ ಬಾಗಲಕೋಟೆಯಿಂದಲೋ ಎಷ್ಟು ಹೊತ್ತಿನಲ್ಲಿ ಬರುತ್ತದೆ, ರಾತ್ರಿ ಹೊತ್ತು ಯಾರಿರುತ್ತಾರೆ ಎಂದು ಕೇಳಿ. ಹೋಗುವ ರಕ್ತವನ್ನು ಹೇಗೆ ಅಳೆಯುತ್ತೀರಿ ಎಂದೂ ಕೇಳಿ. ಯಾವ ಒಳ್ಳೆಯ ಡಾಕ್ಟರೂ ಈ ಪ್ರಶ್ನೆಗೆ ಸಿಟ್ಟಾಗಲಾರರು. ಅಳೆಯುವ ಚೀಲ ಎಲ್ಲ ಕಡೆ ಇಲ್ಲ. ಇಲ್ಲದ ಕಡೆ ನೆನೆದ ಬಟ್ಟೆ, ಪ್ಯಾಡುಗಳನ್ನು ತೂಗಿ ಒಣಗಿದ್ದಾಗಿನ ತೂಕ ಕಳೆದರೂ ಲೆಕ್ಕ ಸಿಗುತ್ತದೆ: ಒಂದು ಗ್ರಾಮಿಗೆ ಸುಮಾರು ಒಂದು ಮಿಲಿಲೀಟರ್. ಸರಕಾರಿ ಆಸ್ಪತ್ರೆಗಳಲ್ಲಿ 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಹೆರಿಗೆ, ಔಷಧ, ರಕ್ತ, ವಾಹನ ಎಲ್ಲವೂ ಉಚಿತ. ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದಾಗ 108ಕ್ಕೆ ಫೋನು ಮಾಡಬೇಕು. ಯಾರ ಕಾರು ಸಿಗುತ್ತದೆ ಎಂದು ಹುಡುಕುತ್ತ ಕೂಡಬಾರದು. ಆಂಬುಲೆನ್ಸಿನಲ್ಲಿ ಸಲೈನ್ ಹಚ್ಚಿಕೊಂಡೇ ಹೋಗಬಹುದು.

ಹೆರಿಗೆಯಾದ ಕೂಡಲೆ ಕೂಸನ್ನು ಎದೆಗೆ ಹಚ್ಚಿದರೆ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ತಾನಾಗಿ ಉಕ್ಕುತ್ತದೆ. ನಮ್ಮ ಹಳೆಯ ಸೂಲಗಿತ್ತಿಯರು ಅದರ ಹೆಸರು ತಿಳಿಯದೆಯೂ ಹಾಗೆ ಮಾಡಿಸುತ್ತಿದ್ದರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡೇ ಹಿಗ್ಗಿತು. ಆ ಕೈಗಳ ಅನುಭವ ದೊಡ್ಡದು. ಅಂಥ ಕೈಗೆ ಔಷಧ, ಸಲೈನ್, ಅಳತೆಯ ಚೀಲ ಮೂರನ್ನೂ ಕೊಡುವ ಕೆಲಸ ಈಗ ನಡೆಯಬೇಕಿದೆ. ನರ್ಸುಗಳಿಗೆ ಸೂಲಗಿತ್ತಿ ವಿದ್ಯೆಯ ವಿಶೇಷ ತರಬೇತಿ ಕೊಡಲು ಕೇಂದ್ರ ಸರಕಾರ 2018ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ.

ಮನೆಗೆ ಬಂದ ಮೇಲೂ ಕೆಲವರಿಗೆ ರಕ್ತ ಹೋಗುತ್ತದೆ, ಹೆಚ್ಚಾಗಿ ಎರಡು ವಾರದೊಳಗೆ. ಒಳಗೆ ಉಳಿದ ಕಸದ ಚೂರು ಅಥವಾ ನಂಜು ಇದಕ್ಕೆ ಕಾರಣ. ಹೆರಿಗೆಯ ನಂತರದ ಸ್ರಾವ ದಿನ ಹೋದಂತೆ ಕೆಂಪಿನಿಂದ ಕಂದಾಗಿ, ಬಿಳಿಚಿಕೊಳ್ಳುತ್ತ ಹೋಗಬೇಕು. ಕಡಿಮೆಯಾದದ್ದು ಮತ್ತೆ ಕಡುಕೆಂಪಾದರೆ, ಒಂದು ಪ್ಯಾಡು ಒಂದು ಗಂಟೆಯೊಳಗೆ ಪೂರ್ತಿ ನೆನೆದರೆ, ದೊಡ್ಡ ಗಡ್ಡೆಗಳು ಬಿದ್ದರೆ, ದುರ್ವಾಸನೆ ಜ್ವರ ಇದ್ದರೆ, ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬಂದರೆ ಬಾಣಂತಿಯನ್ನು ಹೊರಗೆ ಒಯ್ಯಬಾರದೆಂಬ ಕಟ್ಟಳೆಯನ್ನು ಬದಿಗಿಟ್ಟು ಅಂದೇ ಆಸ್ಪತ್ರೆಗೆ ಕರೆತರಬೇಕು. ಬಾಣಂತಿ ಕೋಣೆಯಲ್ಲಿ ಕಿಟಕಿ ಮುಚ್ಚಿ, ಕುಳ್ಳಿನ ಬೆಂಕಿಯ ಹೊಗೆಯ ನಡುವೆ ಕಂಬಳಿ ಹೊದ್ದು ಮಲಗಿದವಳ ಮುಖ ಬಿಳಿಚಿದ್ದು ಯಾರಿಗೂ ಕಾಣುವುದಿಲ್ಲ. ದಿನಕ್ಕೊಮ್ಮೆಯಾದರೂ ಬೆಳಕಿನಲ್ಲಿ ಅವಳ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, ಒಳಗೆ ಕೆಂಪಿರಬೇಕು. ಬದಲಿಸಿದ ಬಟ್ಟೆಗಳನ್ನು ತಕ್ಷಣ ಒಗೆಯಲು ಹಾಕದೆ, ಎಷ್ಟು ನೆನೆದಿವೆ ಎಂದು ಹಿರಿಯ ಹೆಂಗಸೊಬ್ಬರು ಒಮ್ಮೆ ಬಿಚ್ಚಿ ನೋಡಿದ ಮೇಲೆ ನೀರಿಗೆ ಹಾಕಬೇಕು.